ನಾಯಿಗಿಂತ ಮೊದಲು ಕಚ್ಚುತ್ತಿದ್ದ ಪಿಳ್ಳಣ್ಣ

ಆರು ಸಾವಿರದ ಮೇಲೆ ಚಿಲ್ಲರೆ ಖರ್ಚಾಯಿತು. ನಾಯಿ ಡಾಕ್ಟರ ಫೀಸು, ಇಂಜೆಕ್ಷನ್ನು, ಡ್ರಿಪ್ಪು, ಆಟೋ ಬಾಡಿಗೆ, ಗಿರಾಕಿಗಳಿಗೆ ವಾಪಸು ಕೊಟ್ಟ ದುಡ್ಡು, ಎಲ್ಲ ಸೇರಿ. ಇಷ್ಟಕ್ಕೂ ಕಾರಣ ಒಂದು ಹಿಡಿ ಬೆಂದ ಹೂವು.

ನಾನು ಚೌಕಾಸಿ ಮಾಡಿ ಮೇಲೆ ಬಂದವನು. ಯಾರದೋ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದವನು ದೇವನಹಳ್ಳಿ ಹತ್ತಿರದ ಚನ್ನರಾಯಪಟ್ಟಣದ ರಸ್ತೆಯಲ್ಲಿ ಸ್ವಂತ ಬೂಸಾ ಅಂಗಡಿ ಹಾಕಿದ್ದೇನೆ. ಲಾರಿ ಬಾಡಿಗೆಯಿಂದ ಹಿಡಿದು ಮಗಳ ಮದುವೆಯ ಛತ್ರದವರೆಗೆ, ಮೊದಲು ಹೇಳಿದ ರೇಟಿಗೆ ಹೂಂ ಅಂದ ಜಾಯಮಾನವೇ ನನ್ನದಲ್ಲ. ಅವತ್ತು ಮಾತ್ರ ಡಾಕ್ಟರು ಹೇಳಿದಷ್ಟನ್ನು ಹೇಳಿದ ಹಾಗೆ ಕೊಟ್ಟೆ. ಯಾಕೆಂದರೆ ಪಕ್ಕದಲ್ಲಿ ಪಿಳ್ಳಣ್ಣ ನಿಂತಿದ್ದರು. ಅವರ ದವಡೆ ಏನನ್ನೋ ಅಗಿಯುವ ಹಾಗೆ ಅಲ್ಲಾಡುತ್ತಿತ್ತು. ಬಾಯಲ್ಲಿ ಏನೂ ಇರಲಿಲ್ಲ.

ಆ ಬಾಯಿಯ ವಿಷಯ ಹೇಳದೆ ಪಿಳ್ಳಣ್ಣನ ವಿಷಯ ಹೇಳಲು ಆಗುವುದಿಲ್ಲ. ಸರ್ವಿಸಿನ ಉದ್ದಕ್ಕೂ ಅವರು ಹಾಲಿನ ಶೀತಲ ಕೇಂದ್ರದಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದವರು. ಊರೂರಿನಿಂದ ಕ್ಯಾನುಗಳು ಬಂದು ಸಾಲಾಗಿ ನಿಲ್ಲುತ್ತಿದ್ದವು. ಇವರು ಒಂದೊಂದರ ಮುಚ್ಚಳ ತೆಗೆದು, ಮುಚ್ಚಳದ ಒಳಗಿನ ವಾಸನೆ ನೋಡಿ, ಒಂದು ತೊಟ್ಟು ನಾಲಿಗೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಮೀಟರು, ಬಾಟಲಿ, ಆಸಿಡ್ಡು ಎಲ್ಲ ಆಮೇಲೆ. "ಒಂದು ಕ್ಯಾನು ಕೆಟ್ಟಿದ್ರೆ ಟ್ಯಾಂಕರ್ ಪೂರ್ತಿ ಹೋಯ್ತದೆ ಕಣಪ್ಪ" ಎನ್ನುವುದು ಅವರ ಮಾತು. ಆ ದಿಗಿಲು ಅವರ ಮೈಯಲ್ಲೇ ಕೂತುಬಿಟ್ಟಿತ್ತು. ರಿಟೈರ್ ಆದರು, ದಿಗಿಲು ರಿಟೈರ್ ಆಗಲಿಲ್ಲ. ಮನೆಗೆ ಬೀಗ ಹಾಕಿ ಬೀದಿ ತಿರುವಿನವರೆಗೆ ಹೋದವರು ತಿರುಗಿ ಬಂದು ಬೀಗ ಎಳೆದು ನೋಡುತ್ತಿದ್ದರು. ಗ್ಯಾಸಿನ ರೆಗ್ಯುಲೇಟರನ್ನು ಲಕ್ಷ್ಮಕ್ಕ ಒಮ್ಮೆ ಆಫ್ ಮಾಡಿದರೆ ಇವರು ಎರಡು ಸಲ ಆಫ್ ಮಾಡುತ್ತಿದ್ದರು. ಲಕ್ಷ್ಮಕ್ಕ ಅಂದರೆ ಅವರ ಹೆಂಡತಿ, ಬಾಯಿ ಜೋರು, ಕೈ ಧಾರಾಳ.

ಮನೆಯಲ್ಲಿ ಈಗ ಹಸು ಇಲ್ಲದಿದ್ದರೂ ನನ್ನ ಅಂಗಡಿಗೆ ಬಂದರೆ ಅದೇ ಚಾಳಿ. ಕಡಲೆಕಾಯಿ ಹಿಂಡಿಯ ಚೂರು ಮುರಿದು ಬಾಯಿಗೆ ಹಾಕಿಕೊಳ್ಳುವುದು. ತೌಡು ಒಂದು ಚಿಟಿಕೆ. ಜೋಳದ ನುಚ್ಚು ನಾಲ್ಕು ಕಾಳು.

"ಹಸು ತಿನ್ನೋದನ್ನ ನೀವ್ಯಾಕಣ್ಣ ತಿಂತೀರಿ?" ಎಂದು ಒಮ್ಮೆ ಕೇಳಿದೆ.

"ಹಸುಗೆ ಬಾಯೈತೆ, ಮಾತಿಲ್ಲ. ನಂಗೆ ಎರಡೂ ಐತೆ."

ಬೇರೆ ಗಿರಾಕಿಗಳು ಅವರ ಮುಖವನ್ನೇ ನೋಡಿಕೊಂಡು ನಿಲ್ಲುತ್ತಿದ್ದರು. ಪಿಳ್ಳಣ್ಣ ತಲೆ ಆಡಿಸಿದರೆ ಆ ಮೂಟೆ ಮಧ್ಯಾಹ್ನದೊಳಗೆ ಖಾಲಿ. ಪಕ್ಕಕ್ಕೆ ತಿರುಗಿ ಉಗಿದರೆ ಆ ವಾರ ನನಗೆ ಗ್ರಹಣ. ಅದಕ್ಕೇ ಅವರು ಬಂದ ಕೂಡಲೇ ಟೀ ತರಿಸುತ್ತಿದ್ದೆ. ಬಾಯಿ ಬಿಸಿ ಇದ್ದರೆ ರುಚಿ ಗೊತ್ತಾಗುವುದಿಲ್ಲ ಎನ್ನುವುದು ನನ್ನ ಉಪಾಯ. ಅವರಿಗೂ ಅದು ಗೊತ್ತಿತ್ತು. ಲೋಟವನ್ನು ಪಕ್ಕಕ್ಕಿಟ್ಟು, "ಆರ್ಲಿ ಬಿಡು, ಮೊದ್ಲು ಹಿಂಡಿ ನೋಡಾನ" ಎನ್ನುತ್ತಿದ್ದರು.

ಅವರು ನನ್ನಲ್ಲಿ ತಪ್ಪದೆ ಕೊಳ್ಳುತ್ತಿದ್ದ ಪದಾರ್ಥ ಬಾರ್ಲಿ. ಕೇಳಿದವರಿಗೆಲ್ಲ "ಕಿಡ್ನೀಲಿ ಕಲ್ಲು, ಬಾರ್ಲಿ ನೀರು ಕುಡಿಯೋಕೆ" ಎನ್ನುತ್ತಿದ್ದರು. ಊರೇ ನಂಬಿತ್ತು, ಎದುರಿಗೆ ಸಿಕ್ಕವರು ಕಲ್ಲು ಕರಗಿತಾ ಎಂದು ವಿಚಾರಿಸುತ್ತಿದ್ದರು. ನಾನು ನಂಬಲಿಲ್ಲ. ತೂಕ ಹಾಕುವವನು ನಾನು. ಅಷ್ಟು ಬಾರ್ಲಿ ಬೇಕಾಗುವ ಕಲ್ಲು ಕಿಡ್ನಿಯಲ್ಲಿ ಇರುವುದಿಲ್ಲ, ಕ್ವಾರಿಯಲ್ಲಿ ಇರುತ್ತದೆ.

ಒಂದು ದಿನ ಹಾಗೇ ಅಂದುಬಿಟ್ಟೆ. ಅವರು ಸುತ್ತ ನೋಡಿ, "ಸಂಜೆ ಮನೆ ಕಡೆ ಬಾ" ಎಂದರು.

ಮನೆಯ ಹಿಂದೆ ಶೀಟ್ ಹಾಕಿದ ಕೋಣೆ. ಮೊದಲು ಹಸು ಕಟ್ಟುತ್ತಿದ್ದ ಜಾಗ. ಒಳಗೆ ಹಳೆಯ ಸ್ಟೀಲಿನ ಹಾಲಿನ ಕ್ಯಾನು, ಉದ್ದನೆಯ ಥರ್ಮಾಮೀಟರು, ಸೋಸುವ ಬಿಳಿ ಬಟ್ಟೆಗಳು, ನಮ್ಮ ಹೆಂಗಸರು ರಾಗಿ ಮೊಳಕೆ ಕಟ್ಟುವ ಹಾಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿದ ಬಾರ್ಲಿ. ಪಿಳ್ಳಣ್ಣ ಮನೆಯಲ್ಲಿ ಬಿಯರ್ ಮಾಡುತ್ತಿದ್ದರು. ಮೊಬೈಲಿನಲ್ಲಿ ನೋಡಿ ಕಲಿತದ್ದು. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಿ, ನುಚ್ಚು ಮಾಡಿ, ಹದವಾದ ಬಿಸಿ ನೀರಿನಲ್ಲಿ ನೆನೆಹಾಕಿ, ಸಿಹಿಯಾದ ನೀರನ್ನು ಸೋಸಿಕೊಳ್ಳಬೇಕು. ಆ ನೀರಿಗೆ ಹಾಪ್ಸ್ ಎನ್ನುವ ಕಹಿ ಹೂವನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಹಾಕಿ ಕುದಿಸಬೇಕು. ಆಮೇಲೆ ಆರಿಸಿ, ಈಸ್ಟ್ ಹಾಕಿ ಮುಚ್ಚಿಡುವುದು. ಹೂವು ಕೊರಿಯರಿನಲ್ಲಿ ಬರುತ್ತಿತ್ತು.

"ಯಾಕಣ್ಣ ಇದೆಲ್ಲ? ಬಾರಲ್ಲಿ ಸಿಗಲ್ವಾ?"

"ಹಾಲು ಹುಳಿ ಬರ್ದಂಗೆ ಕಾಯೋದ್ರಲ್ಲೇ ಸರ್ವಿಸ್ ಮುಗೀತು ಕಣೋ ಗಂಗಾಧರ. ಬೇಕೂ ಅಂತ ಹುಳಿ ಬರ್ಸೋದು ಹೆಂಗೆ ಅಂತ ಒಂದ್ಸಲ ನೋಡಾನ ಅನ್ನಿಸ್ತು."

ಕುಡಿಯುತ್ತಿದ್ದದ್ದು ಒಂದು ಲೋಟ. ಹೆದರುತ್ತಿದ್ದದ್ದು ಒಂದು ಡ್ರಮ್ಮಿನಷ್ಟು. ಲಕ್ಷ್ಮಕ್ಕನ ಅಣ್ಣ ಊರಿನ ಭಜನೆ ಮಂಡಳಿಯ ಮುಖಂಡರು. ಪಿಳ್ಳಣ್ಣ ಅಲ್ಲಿ ತಾಳ ಹಾಕುವವರು. ಕುಡಿಯುವವರನ್ನು ಕಂಡರೆ ಆ ಭಾವ ಜಗಲಿ ಹತ್ತಿಸುತ್ತಿರಲಿಲ್ಲ. ಇನ್ನು ಮನೆಯಲ್ಲಿ ಬಿಯರ್ ಮಾಡಿದರೆ ಕೇಸು ಆಗುತ್ತದೆ ಎಂಬ ಅಳುಕು ಬೇರೆ. ಖಾಕಿ ಬಟ್ಟೆಯ ಮೀಟರ್ ರೀಡರು ಗೇಟು ತಟ್ಟಿದರೂ ಇವರು ಒಳಗೆ ಹೋಗಿಬಿಡುತ್ತಿದ್ದರು.

ಸೋಸಿದ ಮೇಲೆ ಉಳಿಯುವ ಬಾರ್ಲಿ ಚರಟವೇ ಈ ಕಥೆಗೆ ಮೂಲ. ಹಾಲಿನ ಮನುಷ್ಯ, ಎಸೆಯಲು ಮನಸ್ಸು ಬರಲಿಲ್ಲ. ಮನೆಯಲ್ಲಿ ರಾಜಿ ಇದ್ದಳು. ಕಂದು ಬಣ್ಣದ ನಾಟಿ ನಾಯಿ, ಒಂದು ಕಿವಿ ಮಡಿಚಿಕೊಂಡೇ ಇರುತ್ತಿತ್ತು. ಮರಿಯಾಗಿದ್ದಾಗ ಹಾಲಿನ ಗಾಡಿಯ ಚಕ್ರದ ಹತ್ತಿರ ಸಿಕ್ಕಿದ್ದು. ಚರಟವನ್ನು ಬಟ್ಟೆಯಲ್ಲಿ ಹಿಂಡಿ, ರಾಗಿ ಹಿಟ್ಟು ಸೇರಿಸಿ, ಒಂದು ಮೊಟ್ಟೆ ಒಡೆದು, ಉಪ್ಪು ಹಾಕದೆ ಕಲಸುತ್ತಿದ್ದರು. ತಟ್ಟಿ, ಹಾಲಿನ ಸ್ಯಾಂಪಲ್ ಬಾಟಲಿಯ ಬಾಯಿಯಿಂದ ಒತ್ತಿದರೆ ಗುಂಡಗೆ ಬಿಲ್ಲೆ. ಮರಳು ಹಾಕಿದ ದೊಡ್ಡ ಪಾತ್ರೆಯೊಳಗೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ ಸುಡುವುದು, ಆಮೇಲೆ ತಾರಸಿಯ ಬಿಸಿಲಲ್ಲಿ ಗರಿಗರಿ ಒಣಗಿಸುವುದು. ಮನೆಯೆಲ್ಲ ಹುರಿಹಿಟ್ಟಿನ ಘಮ.

ರಾಜಿಗೆ ಕೊಡುವ ಮುಂಚೆ ಪ್ರತಿ ಬಿಲ್ಲೆಯ ಅಂಚನ್ನು ತಾವು ಕಚ್ಚುತ್ತಿದ್ದರು. ಅಗಿದು, ನುಂಗಿ, ಒಂದು ಗಳಿಗೆ ಸುಮ್ಮನೆ ಕೂತು, ಆಮೇಲೆ ಉಳಿದದ್ದನ್ನು ಅವಳಿಗೆ. ಅವಳೂ ಅದಕ್ಕೆ ಪಳಗಿಹೋಗಿದ್ದಳು. ಕಚ್ಚದೆ ಕೊಟ್ಟರೆ ಮೂಸಿ ನೋಡಿ ಅವರ ಮುಖ ನೋಡುತ್ತಿದ್ದಳು. ನೀನು ಮೊದಲು, ಎನ್ನುವ ಹಾಗೆ.

"ಥೂ, ನಾಯಿ ತಿಂಡಿಗೆ ಬಾಯಿ ಹಾಕ್ತಾರಲ್ಲ. ನನ್ನ ತಟ್ಟೆ ಹತ್ರ ಬರ್ಬೇಡಿ" ಎಂದು ಲಕ್ಷ್ಮಕ್ಕ ದೂರ ಕೂರುತ್ತಿದ್ದರು.

"ನನ್ನ ಹೊಟ್ಟೆಗಾಗಿದ್ದು ಅವಳ ಹೊಟ್ಟೆಗೂ ಆಯ್ತದೆ ಕಣೆ" ಎನ್ನುವುದು ಪಿಳ್ಳಣ್ಣನ ಉತ್ತರ.

ಮಾರುವ ಆಲೋಚನೆ ನನ್ನದು. ದೇವನಹಳ್ಳಿ ಕಡೆಯ ವಿಲ್ಲಾಗಳವರು ಹಕ್ಕಿ ಕಾಳು, ಬೆರಣಿ ಎಂದುಕೊಂಡು ನನ್ನ ಅಂಗಡಿಗೆ ಬರುತ್ತಿದ್ದರು. ಮನೆಯಲ್ಲಿ ಮಾಡಿದ್ದು ಅಂದರೆ ಅವರು ರೇಟು ಕೇಳುವುದಿಲ್ಲ. ಬಿಯರಿನ ಸುದ್ದಿ ಎತ್ತುವುದು ಬೇಡ, ಬಾರ್ಲಿ ರಾಗಿ ಬಿಸ್ಕತ್ತು ಎಂದರೆ ಸಾಕು ಎಂದು ನಾನೇ ಹೇಳಿಕೊಟ್ಟೆ. ಪಿಳ್ಳಣ್ಣ ಮೊದಲು ಒಪ್ಪಲಿಲ್ಲ. "ಬೇರೆಯವ್ರ ನಾಯಿ ಕಣೋ, ಭಯ ಆಯ್ತದೆ." ಆಮೇಲೆ ಒಪ್ಪಿದರು, ಆದರೆ ಒಂದು ಕಟ್ಟಳೆ ಹಾಕಿಕೊಂಡರು. ಸುಟ್ಟ ದಿನ ರಾತ್ರಿ ತಾವು ತಿನ್ನುವುದು. ಬೆಳಗ್ಗೆ ತಮ್ಮ ಹೊಟ್ಟೆ ಸರಿಯಿದ್ದರೆ ರಾಜಿಗೆ ಕೊಡುವುದು, ನನಗೆ ಪ್ಯಾಕೆಟ್ಟು ಕೊಡುವುದು. ಮೂರು ಮನೆ ಖಾಯಂ ಗಿರಾಕಿಗಳಾದರು. ಭಾನುವಾರ ಬೆಳಗ್ಗೆ ನಾನೇ ಸ್ಕೂಟರಿನಲ್ಲಿ ಹೋಗಿ ಕೊಟ್ಟು ಬರುತ್ತಿದ್ದೆ.

ಆ ಭಾನುವಾರವೂ ಕೊಟ್ಟು ಬಂದು ಅಂಗಡಿ ತೆಗೆದಿದ್ದೆ. ಬಿಸಿಲೇರುವ ಹೊತ್ತಿಗೆ ಫೋನು ಬಂತು.

"ಗಂಗಾಧರ, ಬಿಸ್ಕತ್ತು ಕೊಟ್ಬಿಟ್ಟಾ?"

"ಆಗಲೇ ಕೊಟ್ಟೆ ಅಣ್ಣ."

ಆ ಕಡೆಯಿಂದ ನೀರು ಸುರಿಯುವ ಸದ್ದು ಕೇಳಿಸುತ್ತಿತ್ತು.

"ಮೂರೂ ಮನೇಗಾ?"

"ಮೂರಕ್ಕೂ. ಯಾಕಣ್ಣ?"

"ರಾಜಿ ಮೈ ಕೆಂಡ ಆಗೈತೆ. ಬಾ ಬೇಗ."

ಹೋದೆ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ರಾಜಿ ನಿಂತಿದ್ದಳು. ಕೂರಲು ಆಗದು, ಮಲಗಲು ಆಗದು. ನಾಲಿಗೆ ಪೂರ್ತಿ ಹೊರಗೆ. ಪಕ್ಕೆಗಳು ಕುಲುಮೆಯ ತಿದಿಯ ಹಾಗೆ ಏರಿ ಇಳಿಯುತ್ತಿದ್ದವು. ಲಕ್ಷ್ಮಕ್ಕ ಸೀರೆ ಎತ್ತಿ ಕಟ್ಟಿಕೊಂಡು ಬಿಂದಿಗೆಯಿಂದ ನೀರು ಹೊಯ್ಯುತ್ತಿದ್ದರು. ಪಿಳ್ಳಣ್ಣ ಅವಳ ಕಿವಿ ಹಿಡಿದುಕೊಂಡು, "ಸುಡ್ತೈತೆ, ಸುಡ್ತೈತೆ" ಎನ್ನುತ್ತಿದ್ದರು.

ಏನಾಯಿತು ಎಂದು ಕೇಳಿದಾಗ ತಡವರಿಸಿಕೊಂಡು ಹೇಳಿದರು. ಹಿಂದಿನ ದಿನ ಬೆಳಗ್ಗೆ ಹಿತ್ತಲ ಕೋಣೆಯಲ್ಲಿ ಹೂವು ಕುದಿಸಿ ಚೀಲವನ್ನು ಹೊರಗೆ ತೆಗೆದಿದ್ದಾರೆ. ಅಷ್ಟರಲ್ಲಿ ಭಾವ ಮದುವೆ ಪತ್ರಿಕೆ ಕೊಡಲು ಬಂದವರು ಮುಂಬಾಗಿಲಲ್ಲಿ ನಿಲ್ಲದೆ ನೇರ ಹಿತ್ತಲಿಗೇ ನಡೆದುಬಂದಿದ್ದಾರೆ. ಬಾರ್ಲಿಯನ್ನು ಕಂಡರೆ ಕಿಡ್ನಿ ಕಲ್ಲು ಎನ್ನಬಹುದು. ಆ ಹಸಿರು ಹೂವಿಗೆ ಏನೆನ್ನುವುದು? ದಿಗಿಲಿನಲ್ಲಿ ಚೀಲವನ್ನು ಬಾರ್ಲಿ ಚರಟದ ಬಕೆಟ್ಟಿನೊಳಗೆ ಒತ್ತಿ ಮುಚ್ಚಿಬಿಟ್ಟಿದ್ದಾರೆ. ಒತ್ತಿದ ರಭಸಕ್ಕೆ ಚೀಲದ ಬಾಯಿ ಬಿಚ್ಚಿಕೊಂಡಿದೆ. ಭಾವ ಊಟ ಮಾಡಿ ಹೋದ ಮೇಲೆ ಕೈಗೆ ಸಿಕ್ಕಷ್ಟು ಹೂವನ್ನು ಆರಿಸಿ ತೆಗೆದರು. ಪುಡಿಯಾದದ್ದು ಚರಟದಲ್ಲೇ ಉಳಿದು ಬಿಸ್ಕತ್ತಿಗೆ ಸೇರಿತು.

"ರಾತ್ರಿ ತಿಂದ್ರಾ?"

"ತಿಂದೆ. ನಾಕು ತಿಂದೆ. ಕಹಿ ಇತ್ತು ಕಣೋ." ಅವರು ನನ್ನ ಮುಖ ನೋಡಲಿಲ್ಲ. "ಮೆಂತ್ಯದಂಗೆ ಒಂಚೂರು ಕಹಿ. ಕಹಿ ಹೊಟ್ಟೆಗೆ ಒಳ್ಳೇದಲ್ವಾ, ಜಂತು ಹುಳ ಇದ್ರೆ ಸಾಯ್ತವೆ ಅಂದ್ಕೊಂಡು ಬೆಳಗ್ಗೆ ಇವಳಿಗೂ ಕೊಟ್ಟೆ."

ನಮ್ಮಲ್ಲಿ ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಬೇವು, ಹಾಗಲ, ಮೆಂತ್ಯ, ಕಹಿ ಅಂದರೆ ಔಷಧಿ. ಚಿಕ್ಕಂದಿನಲ್ಲಿ ಮೂಗು ಹಿಡಿದು ಕುಡಿಸಿಕೊಂಡು ಬೆಳೆದವರಲ್ಲವೇ ನಾವು.

ದೇವನಹಳ್ಳಿಯ ನಾಯಿ ಡಾಕ್ಟರಿಗೆ ಅವರು ಆಗಲೇ ಫೋನು ಮಾಡಿದ್ದರು. ಹಾಪ್ಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಡಾಕ್ಟರ ದನಿ ಬದಲಾಯಿತಂತೆ. ನಾಯಿಗಳಿಗೆ ಅದು ವಿಷ, ಮೈಕಾವು ಮಿತಿ ಮೀರಿ ಏರುತ್ತದೆ, ಒದ್ದೆ ಬಟ್ಟೆ ಹೊದಿಸಿ ಈಗಲೇ ಕರೆತನ್ನಿ, ತಿಂದ ಬೇರೆ ನಾಯಿಗಳಿದ್ದರೆ ಅವನ್ನೂ ತನ್ನಿ ಎಂದರಂತೆ.

ಬೇರೆ ನಾಯಿಗಳು. ಮೂರು ಮನೆಗೂ ಫೋನು ಹಚ್ಚಿದೆ. ಒಂದು ಮನೆಯವರು ಎತ್ತಿದರು, ಪ್ಯಾಕೆಟ್ಟು ಇನ್ನೂ ಒಡೆದಿಲ್ಲ ಎಂದರು, ಒಡೆಯಲೇಬೇಡಿ ಎಂದೆ. ಉಳಿದ ಎರಡು ಮನೆಯ ಫೋನು ಹೊಡೆದುಕೊಳ್ಳುತ್ತಲೇ ಇತ್ತು.

"ನಾನು ಹೋಗಿ ಪ್ಯಾಕೆಟ್ ಈಸ್ಕೊಂಡು ಬರ್ತೀನಿ. ಪ್ಯಾಕಿಂಗ್ ಸರಿಯಿಲ್ಲ, ಬೇರೆ ಕೊಡ್ತೀನಿ ಅಂತೀನಿ. ನೀವು ರಾಜಿ ಜೊತೆ ಹೋಗಿ" ಎಂದೆ.

"ತಿಂದ್ಬಿಟ್ಟಿದ್ರೆ?"

"ತಿಂದಿದ್ರೆ ಡಾಕ್ಟ್ರ ಹತ್ರ ಹೋಗಿ ಅಂತೀನಿ."

"ಡಾಕ್ಟ್ರು ಏನು ತಿಂದೈತೆ ಅಂತ ಕೇಳ್ತಾರೆ. ಪ್ಯಾಕಿಂಗ್ ತಿಂದೈತೆ ಅಂತ ಹೇಳಿಸ್ತೀಯಾ?"

"ಅಣ್ಣ, ಹೂವು ಅಂದ್ರೆ ಬಿಯರ್ ಮಾತು ಬರ್ತದೆ. ಬಿಯರ್ ಅಂದ್ರೆ ಸ್ಟೇಷನ್ನು. ನಿಮ್ಮ ಭಾವಂಗೆ ಗೊತ್ತಾಗ್ತದೆ. ಯೋಚ್ನೆ ಮಾಡಿ."

ಅವರು ಯೋಚನೆ ಮಾಡಿದರು. ಅದನ್ನು ನಾನು ಕಣ್ಣಾರೆ ಕಂಡೆ. ಬೀಗವನ್ನು ಮೂರು ಸಲ ಎಳೆದು ನೋಡುವ ಮನುಷ್ಯ, ಖಾಕಿ ಕಂಡರೆ ಒಳಗೆ ಹೋಗುವ ಮನುಷ್ಯ. ದವಡೆ ಅಲ್ಲಾಡಲು ಶುರುವಾದದ್ದು ಆಗಲೇ. ಆಮೇಲೆ ರಾಜಿಯ ಮೇಲೆ ಒದ್ದೆ ಟವೆಲು ಹೊದಿಸಿ, ಎತ್ತಿ, ಪಕ್ಕದ ಮನೆಯವರ ಆಟೋದಲ್ಲಿ ಲಕ್ಷ್ಮಕ್ಕನ ತೊಡೆಯ ಮೇಲೆ ಇಟ್ಟರು. ಅವಳು ತಲೆ ಎತ್ತಿ ಇವರ ಹಿಂದೆ ಇಳಿಯಲು ನೋಡಿದಳು.

"ನೀವು ಬರಲ್ವಾ?" ಲಕ್ಷ್ಮಕ್ಕ ಕೇಳಿದರು.

"ಒಂದು ಕ್ಯಾನು ಹೋಗೈತೆ. ಟ್ಯಾಂಕರ್ ನೋಡ್ಬೇಕು" ಎಂದು ನನ್ನ ಸ್ಕೂಟರ್ ಹತ್ತಿದರು.

ದಾರಿಯಲ್ಲಿ ನನ್ನ ಭುಜ ಹಿಡಿದುಕೊಂಡು ಎರಡು ಸಲ "ಇನ್ನೊಂಚೂರು ಜೋರಾಗಿ ಓಡ್ಸು" ಎಂದರು. ಒಂದು ಸಲ "ಹುಷಾರು, ನಿಧಾನ" ಎಂದರು.

ಮೊದಲ ಮನೆಯಲ್ಲಿ ರಿಟೈರ್ಡ್ ಮೇಷ್ಟ್ರೊಬ್ಬರು, ಒಂದು ಪುಟ್ಟ ಬಿಳಿ ನಾಯಿ. ಗಿಡಕ್ಕೆ ನೀರು ಹಾಕುತ್ತಿದ್ದರು, ಫೋನು ಒಳಗಿತ್ತು. ಪ್ಯಾಕೆಟ್ಟು ಫ್ರಿಜ್ಜಿನ ಮೇಲೆ ಹಾಗೇ ಇತ್ತು. ನಾನು ಉಸಿರು ಬಿಟ್ಟು, ಪ್ಯಾಕೆಟ್ಟು ಜೇಬಿಗೆ ಸೇರಿಸಿ ಹೊರಡುವವನಿದ್ದೆ. ಪಿಳ್ಳಣ್ಣ ಕದಲಲಿಲ್ಲ.

"ಒಂದು ಚೂರಾದ್ರೂ ಕೊಟ್ಟಿದ್ರೆ ಹೇಳ್ಬಿಡಿ ಸಾರ್. ನಾನು ಮನೇಲಿ ಬಿಯರ್ ಮಾಡ್ತೀನಿ. ಅದರ ಹೂವು ಇದ್ರಲ್ಲಿ ಬೆರ್ತೋಗೈತೆ. ನಾಯಿಗೆ ವಿಷ."

ಮೇಷ್ಟ್ರು ಪೈಪು ಕೆಳಗಿಟ್ಟು ಅವರನ್ನೇ ನೋಡಿದರು. "ಕೊಟ್ಟಿಲ್ಲಪ್ಪ, ಆಣೆ. ಬಿಯರು ಚೆನ್ನಾಗಿ ಬರ್ತದಾ?"

"ಸುಮಾರಾಗಿ ಬರ್ತದೆ ಸಾರ್" ಎಂದು ಪಿಳ್ಳಣ್ಣ ಕೈ ಮುಗಿದರು.

ಇನ್ನೊಂದು ಮನೆ ಲೇಔಟಿನ ಕೊನೆಯಲ್ಲಿ. ಬಾಗಿಲು ತೆಗೆದವರು ಚಿಕ್ಕ ವಯಸ್ಸಿನ ಹೆಂಗಸು, ಅವರ ಹಿಂದೆ ಕಪ್ಪು ಲ್ಯಾಬ್ರಡಾರು. ಹೆಸರು ಬ್ರೂನೋ. ಮೇಜಿನ ಮೇಲೆ ಪ್ಯಾಕೆಟ್ಟು ಬಾಯಿ ತೆರೆದುಕೊಂಡಿತ್ತು.

"ಕೊಟ್ರಾ ಮೇಡಂ?" ಎಂದೆ.

"ಈಗ ತಾನೇ ಎರಡು ಕೊಟ್ಟೆ. ಯಾಕೆ?"

ನಾಯಿ ಬಾಲ ಆಡಿಸುತ್ತಿತ್ತು. ಪಿಳ್ಳಣ್ಣ ಕೇಳದೆಯೇ ಒಳಗೆ ಹೋಗಿ, ಮಂಡಿಯೂರಿ, ಹಾಲಿನ ಕ್ಯಾನಿಗೆ ಕೈ ಇಡುವ ಹಾಗೆ ಅದರ ಹೊಟ್ಟೆಗೆ ಕೈ ಇಟ್ಟರು, ಕಿವಿ ಮುಟ್ಟಿದರು. "ಇನ್ನೂ ಏರಿಲ್ಲ" ಎಂದರು. ಆಕೆ ಪ್ಯಾಕೆಟ್ಟು ಕೈಗೆತ್ತಿಕೊಂಡರು.

"ಏರಿಲ್ಲ ಅಂದ್ರೆ? ಅಂಕಲ್, ಏನಿದೆ ಇದರಲ್ಲಿ?"

ನನ್ನ ಬಾಯಿ ಅಭ್ಯಾಸ ಬಲದಿಂದ ಓಡಿತು. "ಬಾರ್ಲಿ, ರಾಗಿ, ಮೊಟ್ಟೆ ಮೇಡಂ. ಏನೂ ಕೆಮಿಕಲ್ ಇಲ್ಲ."

"ಕೆಮಿಕಲ್ ಇಲ್ಲ ತಾಯಿ, ವಿಷ ಐತೆ" ಎಂದರು ಪಿಳ್ಳಣ್ಣ. "ಬಿಯರ್ ಮಾಡೋ ಹೂವು. ಮನೇಲಿ ನಾನೇ ಮಾಡಿದ್ದು, ನನ್ನಿಂದಾನೇ ಬೆರೆತಿದ್ದು. ನನ್ನ ನಾಯಿ ಆಗಲೇ ಆಸ್ಪತ್ರೇಲೈತೆ. ಡಾಕ್ಟ್ರಿಗೆ ಹಾಪ್ಸ್ ಅಂತ ಹೇಳ್ಬೇಕು, ಇನ್ನೇನೂ ಹೇಳೋದು ಬೇಡ."

"ಮನೇಲಿ ಬಿಯರ್ ಮಾಡಿ ಅದರ ವೇಸ್ಟ್‌ನ ನಮ್ಮ ನಾಯಿಗೆ ಮಾರ್ತಾ ಇದ್ರಾ? ನಿಮ್ಮಿಬ್ರ ಮೇಲೂ ಕಂಪ್ಲೇಂಟ್ ಕೊಡ್ತೀನಿ."

"ಕೊಡಿ ತಾಯಿ. ಮೊದ್ಲು ಕಾರು ತೆಗೀರಿ."

ಆಸ್ಪತ್ರೆ ಅಂದರೆ ಒಂದು ಅಂಗಡಿ ಮಳಿಗೆಯಷ್ಟು ಜಾಗ. ಒಳಗೆ ಒಂದು ಟೇಬಲ್ಲಿನ ಮೇಲೆ ರಾಜಿ, ಕಾಲಿಗೆ ಡ್ರಿಪ್ಪು, ಮೈಮೇಲೆ ಒದ್ದೆ ಬಟ್ಟೆ, ಎರಡು ಫ್ಯಾನು. ಇನ್ನೊಂದರ ಮೇಲೆ ಬ್ರೂನೋ. ಡಾಕ್ಟರು ಇಂಜೆಕ್ಷನ್ ಕೊಟ್ಟು ತಿಂದದ್ದನ್ನೆಲ್ಲ ಕಕ್ಕಿಸಿದರು. ಈಗ ತಾನೇ ತಿಂದದ್ದರಿಂದ ಬಚಾವು, ಏನು ತಿಂದಿದೆ ಎಂದು ಗೊತ್ತಾದದ್ದು ಇನ್ನೂ ಒಳ್ಳೆಯದಾಯಿತು, ಇಲ್ಲದಿದ್ದರೆ ಸುಮ್ಮನೆ ಜ್ವರ ಅಂದುಕೊಂಡು ಕೂರುತ್ತಿದ್ದೆವು ಎಂದರು. ಆಕೆಗೆ ಹೇಳಿದ ಮಾತು ಅದು. ರಾಜಿಯ ವಿಷಯ ಕೇಳಿದಾಗ ಹಾಗೆ ಹೇಳಲಿಲ್ಲ. "ನೋಡೋಣ. ಹೊರಗೆ ಕೂತ್ಕೊಳ್ಳಿ" ಎಂದರು.

ಹೊರಗೆ ಕೂತೆವು. ಒಂದು ಬೆಂಚಿನಲ್ಲಿ ನಾನು, ಪಿಳ್ಳಣ್ಣ. ಎದುರು ಬೆಂಚಿನಲ್ಲಿ ಆಕೆ. ಲಕ್ಷ್ಮಕ್ಕ ಒಳಗೇ ಟವೆಲು ಒದ್ದೆ ಮಾಡಿ ಕೊಡುತ್ತ ನಿಂತಿದ್ದರು. ಬಾಗಿಲು ತೆರೆದಾಗಲೆಲ್ಲ ಪಿಳ್ಳಣ್ಣ ಎದ್ದು ನಿಂತು, "ಎಷ್ಟೈತೆ ಸಾರ್?" ಎಂದು ಕಾವು ಕೇಳುತ್ತಿದ್ದರು. ಅವರ ಆಯುಷ್ಯವೆಲ್ಲ ಥರ್ಮಾಮೀಟರು ನೋಡುವುದರಲ್ಲೇ ಕಳೆದಿತ್ತು. ಹಾಲು ತಣ್ಣಗಾಗಲು ಎಷ್ಟು ಹೊತ್ತು ಬೇಕು ಎನ್ನುವುದು ಅವರಿಗೆ ಗೊತ್ತು. ನಾಯಿಯ ಲೆಕ್ಕ ಗೊತ್ತಿರಲಿಲ್ಲ. ಒಂದು ಸಲ ಕಂಪೌಂಡರು "ಇನ್ನೂ ಇಳಿದಿಲ್ಲ" ಎಂದಾಗ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ದವಡೆ ಮಾತ್ರ ನಿಲ್ಲಲಿಲ್ಲ.

ಎದುರಿಗಿದ್ದಾಕೆ ಕೇಳಿದರು, "ನೀವೂ ತಿಂದ್ರಾ ಅದನ್ನ?"

"ತಿಂದೆ ತಾಯಿ. ನಾನು ತಿನ್ನದೆ ಯಾವತ್ತೂ ಕೊಟ್ಟೋನಲ್ಲ."

"ನಿಮಗೇನೂ ಆಗಲಿಲ್ವಾ?"

"ಏನೂ ಆಗ್ಲಿಲ್ಲ. ಅದೇ ಮೋಸ ಆಗಿದ್ದು."

ಆಕೆ ನೀರಿನ ಬಾಟಲಿಯನ್ನು ಅವರ ಕಡೆ ಸರಿಸಿದರು. ಅವರು ಕುಡಿಯಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ನಾಲ್ಗೆ ಸರಿಯಾಗೇ ಹೇಳ್ತು ಕಣೋ ಗಂಗಾಧರ. ಕಹಿ ಅಂತ ಹೇಳ್ತು. ನಾನೇ ಅದಕ್ಕೆ ಬುದ್ಧಿ ಹೇಳ್ದೆ."

ಬಿಸಿಲು ಇಳಿಯುವ ಹೊತ್ತಿಗೆ ಬ್ರೂನೋ ನಡೆದುಕೊಂಡು ಹೊರಗೆ ಬಂತು. ಆಕೆ ಹೊರಟರು. ಕಾರಿನ ಹತ್ತಿರ ಹೋದವರು ವಾಪಸು ಬಂದು, "ನಿಮ್ಮ ನಾಯಿ ಹೇಗಿದೆ ಅಂತ ಫೋನ್ ಮಾಡಿ ಹೇಳಿ" ಎಂದರು. ಕಂಪ್ಲೇಂಟಿನ ಮಾತು ಎತ್ತಲಿಲ್ಲ. ಆಮೇಲೂ ಕೊಡಲಿಲ್ಲ. ನಾನು ಮಾತ್ರ ಎಷ್ಟೋ ದಿನ ಅಂಗಡಿಯ ಮುಂದೆ ಜೀಪು ನಿಧಾನ ಮಾಡಿದರೆ ಬೆವರುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಕ್ಕ ಬಾಗಿಲಿಗೆ ಬಂದರು. "ಇಳೀತಂತೆ. ಕಣ್ಣು ಬಿಟ್ಳು. ನಿಮ್ಮನ್ನೇ ಹುಡುಕ್ತಾವಳೆ, ಬನ್ನಿ" ಎಂದರು. ಆಗಲೇ ನಾನು ದುಡ್ಡು ಕೊಟ್ಟದ್ದು. ಪಿಳ್ಳಣ್ಣ ಜೇಬಿಗೆ ಕೈ ಹಾಕಿದರು, ನಾನು ಆ ಕೈಯನ್ನು ಹಿಡಿದೆ. ಮಾರಲು ಹೊರಟವನು ನಾನಲ್ಲವೇ.

ಸುದ್ದಿ ಊರಿಗೆ ತಲುಪದೆ ಇರುವುದಿಲ್ಲ. ಆಟೋದವನಿಗೆ ಗೊತ್ತಾದ ಮೇಲೆ ಎಲ್ಲರಿಗೂ ಗೊತ್ತಾದ ಹಾಗೆ. ಭಾವ ಮಾತು ಬಿಟ್ಟರು. ತಾಳ ಬೇರೆಯವರ ಕೈಗೆ ಹೋಯಿತು. ಭಜನೆಯವರಲ್ಲೇ ಒಬ್ಬಿಬ್ಬರು ಕತ್ತಲಾದ ಮೇಲೆ ಬಂದು ಒಂದು ಲೋಟ ಸಿಗಬಹುದೇ ಎಂದು ವಿಚಾರಿಸಿದರಂತೆ. ಅಷ್ಟರಲ್ಲಿ ಕ್ಯಾನನ್ನು ತೊಳೆದು ಬೋರಲು ಹಾಕಿ ಆಗಿತ್ತು. ಪಿಳ್ಳಣ್ಣ ಮತ್ತೆ ಬಿಯರೂ ಮಾಡಲಿಲ್ಲ, ಬಿಸ್ಕತ್ತೂ ಮಾಡಲಿಲ್ಲ. ಮತ್ತೆ ಮಾಡಿ, ಪಾಠ ಕಲಿತಾಯಿತಲ್ಲ, ಬಕೆಟ್ಟು ಬೇರೆ ಇಟ್ಟರೆ ಸಾಕು ಎಂದು ನಾನು ಹೇಳಿ ನೋಡಿದೆ. "ನೀನು ಮಾಡ್ಕೋ, ಹೇಳ್ಕೊಡ್ತೀನಿ. ನನ್ನ ಕೈಲಿ ಆಗಲ್ಲ" ಎಂದರು.

ನನ್ನ ಅಂಗಡಿಗೆ ಬರುವುದು ನಿಲ್ಲಿಸಲಿಲ್ಲ. ಆದರೆ ಹಿಂಡಿಯ ಚೂರು ಮುರಿದು ಕೈಯಲ್ಲಿ ಹಿಡಿದುಕೊಂಡು, ಬಾಯಿಗೆ ಹಾಕಿಕೊಳ್ಳದೆ, "ಚೆನ್ನಾಗೈತಾ?" ಎಂದು ನನ್ನನ್ನೇ ಕೇಳುತ್ತಿದ್ದರು. ನನ್ನ ಮಾತನ್ನು ಅಷ್ಟು ಸುಲಭವಾಗಿ ಯಾರೂ ನಂಬಿದ್ದಿಲ್ಲ, ನಂಬಬೇಕಾದ ಹಾಗೆ ನಾನು ವ್ಯಾಪಾರ ಮಾಡಿದವನೂ ಅಲ್ಲ. "ಇದು ಹಳೇದಣ್ಣ, ನಾಳೆ ಹೊಸ ಲೋಡು ಬರ್ತದೆ, ಆವಾಗ ನೋಡಿ" ಎಂದು ನನ್ನ ಬಾಯಲ್ಲೇ ಬಂದ ದಿನ ನಾನೇ ಬೆಚ್ಚಿಬಿದ್ದೆ. ಟೀ ಮಾತ್ರ ತರಿಸುತ್ತಲೇ ಇದ್ದೆ. ಈಗ ಬಿಸಿ ಇರುವಾಗಲೇ ಕುಡಿಯುತ್ತಿದ್ದರು.

ಅವರನ್ನು ಕೊನೆಗೆ ನೋಡಿದ್ದು ಅವರ ಜಗಲಿಯಲ್ಲಿ. ರಾಗಿ ರೊಟ್ಟಿಯ ತುಂಡು ಹಿಡಿದು ಕೂತಿದ್ದರು. ಎದುರಿಗೆ ರಾಜಿ, ಮಡಿಚಿದ ಕಿವಿ ಹಾಗೇ, ಮೈ ಸ್ವಲ್ಪ ಇಳಿದಿತ್ತು. ರೊಟ್ಟಿಯನ್ನು ಅವಳ ಮುಂದೆ ಹಿಡಿದರು. ಅವಳು ಮೂಸಿ, ಅವರ ಮುಖ ನೋಡಿ ಸುಮ್ಮನೆ ಕೂತಳು.

"ನೋಡು. ಇವತ್ತಿಗೂ ನಾನು ಕಚ್ಚದೆ ಮುಟ್ಟಲ್ಲ" ಎಂದರು. "ಅಷ್ಟಾದ್ಮೇಲೂ ನಂಬ್ತಾಳೆ. ಅದೇ ನಂಗೆ ದಿಗಿಲು."

ಆಮೇಲೆ ಕಣ್ಣು ಮುಚ್ಚಿಕೊಂಡು ರೊಟ್ಟಿಯ ಅಂಚು ಕಚ್ಚಿ, ಬಹಳ ಹೊತ್ತು ಅಗಿದು, ನುಂಗಿ, ಉಳಿದದ್ದನ್ನು ಅವಳಿಗೆ ಕೊಟ್ಟರು.

ಅದಾಗಿ ಸ್ವಲ್ಪ ದಿನಕ್ಕೇ ಹೋಗಿಬಿಟ್ಟರು. ಬೆಳಗಿನ ಕಾಫಿಯ ಲೋಟ ಕೈಯಲ್ಲಿ ಇದ್ದ ಹಾಗೆಯೇ, ಎದೆ ಹಿಡಿದುಕೊಂಡು. ತಿಥಿಯ ದಿನ ಹೋದೆ. ಭಾವನೂ ಬಂದಿದ್ದರು, ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಹಿತ್ತಲ ಬಾಗಿಲಲ್ಲಿ ರಾಜಿ ಮಲಗಿದ್ದಳು. ಅವಳ ಮುಂದೆ ಅನ್ನ, ಮುದ್ದೆ, ವಡೆ, ಯಾರು ಯಾರೋ ಇಟ್ಟದ್ದು, ಯಾವುದೂ ಮುಟ್ಟಿರಲಿಲ್ಲ.

"ಅವ್ರು ಹೋದಾಗಿಂದ ಬರೀ ನೀರು" ಎಂದರು ಲಕ್ಷ್ಮಕ್ಕ. "ಇವಳೂ ಹೋಗ್ಬಿಡ್ತಾಳೇನೋ ಗಂಗಾಧರ."

ನಾನು ಒಂದು ವಡೆ ತೆಗೆದುಕೊಂಡು ಕೂತೆ. ಕಾರಣ ನನಗೆ ಗೊತ್ತಿತ್ತು. ಲಕ್ಷ್ಮಕ್ಕನಿಗೂ ಗೊತ್ತಿತ್ತು. ವಡೆಯನ್ನು ಬಾಯಿಯ ಹತ್ತಿರ ತಂದೆ. "ತಾಳು, ಕೊಡಿಲ್ಲಿ" ಎಂದು ಲಕ್ಷ್ಮಕ್ಕ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. "ಅದರಲ್ಲಿ ಈರುಳ್ಳಿ ಐತೆ, ನಾಯಿಗೆ ಆಗಲ್ಲ." ವಡೆಯನ್ನು ಪಕ್ಕಕ್ಕಿಟ್ಟು, ಮುದ್ದೆಯಿಂದ ಒಂದು ತುತ್ತು ಮುರಿದು, ನೆಲದ ಮೇಲೆ ಕೂತು, ಇಷ್ಟು ವರ್ಷ ಥೂ ಎಂದು ದೂರ ಸರಿಯುತ್ತಿದ್ದ ಆ ಹೆಂಗಸು ಅದರ ಅಂಚನ್ನು ಕಚ್ಚಿದರು. ನುಂಗಿದರು. ಕೈ ನೀಡಿದರು. ರಾಜಿ ಅವರ ಮುಖವನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ತಿಂದಳು.

ಇನ್ನು ನಿಮಗೆ ನನ್ನ ಮಾತು. ಬಾರ್ಲಿ ಚರಟ ಸಿಕ್ಕರೆ ಎಸೆಯಬೇಡಿ, ಒಳ್ಳೆಯ ಪದಾರ್ಥ. ಆದರೆ ಹೂವು ಹಾಕುವ ಮುಂಚೆ ಸೋಸಿ ತೆಗೆದ ಚರಟವೇ ಎಂದು ಕೇಳಿ ತಿಳಿದುಕೊಳ್ಳಿ, ಅನುಮಾನ ಬಂದರೆ ತಿಪ್ಪೆಗೆ ಹಾಕಿ. ಅದಕ್ಕೆ ಬೇರೆ ಬಣ್ಣದ, ಮುಚ್ಚಳ ಇರುವ ಬಕೆಟ್ಟು ಇಡಿ. ರಾಗಿ ಹಿಟ್ಟು, ಮೊಟ್ಟೆ ಸಾಕು. ಉಪ್ಪು, ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಸೋಕಿಸಬೇಡಿ. ಪಟ್ಟನೆ ಮುರಿಯುವಷ್ಟು ಒಣಗಿಸಿ, ಮೆತ್ತಗಿದ್ದರೆ ಬೂಷ್ಟು ಹಿಡಿಯುತ್ತದೆ. ನಾಯಿ ಸುಮ್ಮಸುಮ್ಮನೆ ಏದುಸಿರು ಬಿಡುತ್ತ ಮೈ ಕಾದರೆ, ಮನೆಮದ್ದು ಎಂದು ಹೊತ್ತು ಕಳೆಯದೆ ಒದ್ದೆ ಬಟ್ಟೆ ಹೊದಿಸಿ ಡಾಕ್ಟರ ಹತ್ತಿರ ಓಡಿ, ತಿಂದ ಪ್ಯಾಕೆಟ್ಟನ್ನೂ ಜೊತೆಗೆ ಒಯ್ಯಿರಿ. ಅದರಲ್ಲಿ ಏನಿದೆ ಎಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಮಾನ ಹೋಗುವ ಮಾತಾದರೂ ಹೇಳಿ. ಮುಚ್ಚಿಟ್ಟರೆ ನಷ್ಟವೇ, ವ್ಯಾಪಾರಿಯಾಗಿ ಹೇಳುತ್ತಿದ್ದೇನೆ. ಕೊಡುವ ಮುಂಚೆ ನೀವೂ ಒಂದು ಚೂರು ತಿಂದು ನೋಡುವುದಾದರೆ ನೋಡಿ, ತಪ್ಪಿಲ್ಲ. ನಾಲಿಗೆ ಕಹಿ ಎಂದರೆ ಮಾತ್ರ, ಅದಕ್ಕೆ ಬುದ್ಧಿ ಹೇಳಲು ಹೋಗಬೇಡಿ.